ಸಿಗ್ನಲ್‌ನಲ್ಲಿ ಗಾಡಿ ಪದೇ ಪದೇ ಆಫ್ ಆಗುತ್ತಿದೆಯೇ? ಕಾರಣ ಹುಡುಕುವ ಕ್ರಮ ಇಲ್ಲಿದೆ

ಗಾಡಿ ತಾನಾಗಿ ಆಫ್ ಆಗುತ್ತಿದೆ ಎಂದ ಕೂಡಲೇ ಪ್ಲಗ್ ಬದಲಿಸುವುದು, ಅದರಿಂದ ಆಗದಿದ್ದರೆ ಪಂಪ್, ಅದೂ ಆಗದಿದ್ದರೆ ಸೆನ್ಸರ್. ಹೀಗೆ ಹತ್ತು ಹದಿನೈದು ಸಾವಿರ ಕಳೆದ ಮೇಲೂ ಅದೇ ಸಿಗ್ನಲ್‌ನಲ್ಲಿ ಅದೇ ರೀತಿ ನಿಂತ ಗಾಡಿಗಳು ಬೇಕಾದಷ್ಟಿವೆ. ಪಾರ್ಟ್ ಬದಲಿಸಿ ನೋಡುವುದನ್ನು ಪರೀಕ್ಷೆ ಎನ್ನಲಾಗದು. ಎಂಜಿನ್ ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ನಿಲ್ಲುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಸ್ಪ್ಯಾನರ್ ಮುಟ್ಟುವ ಮೊದಲು ಅದನ್ನು ಗಮನಿಸಬೇಕು.

ಇಲ್ಲಿ ಹೇಳಿರುವುದು ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಮೂರು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಕಾರುಗಳ ಬಗ್ಗೆ: ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ಇಂಥವು. ಸಿಎನ್‌ಜಿ, ಎಎಂಟಿ (ಕ್ಲಚ್ ಮತ್ತು ಗೇರನ್ನು ಯಂತ್ರವೇ ಬದಲಿಸುವ) ಮತ್ತು ಡೀಸೆಲ್ ಗಾಡಿಗಳ ವಿಷಯ ಕೊನೆಯಲ್ಲಿ ಚಿಕ್ಕದಾಗಿ ಇದೆ.

ಹೊಸ ಕಾರು ಕೊಂಡವರಿಗೆ ಮೊದಲೇ ಒಂದು ಮಾತು. ಈಚಿನ ಅನೇಕ ಕಾರುಗಳಲ್ಲಿ ಪೆಟ್ರೋಲ್ ಉಳಿಸಲು ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು, ಕ್ಲಚ್ ಒತ್ತಿದಾಗ ಮತ್ತೆ ಸ್ಟಾರ್ಟ್ ಆಗುವ ವ್ಯವಸ್ಥೆ ಇದೆ. ನಿಂತಾಗ ಮೀಟರ್ ಬೋರ್ಡಿನಲ್ಲಿ ಹಸಿರು ಗುರುತೊಂದು ಹತ್ತಿಕೊಂಡಿದ್ದರೆ ಅದು ತೊಂದರೆಯಲ್ಲ. ಬೇಡವಾದರೆ ಡ್ಯಾಶ್‌ಬೋರ್ಡಿನ ಬಟನ್ ಒತ್ತಿ ನಿಲ್ಲಿಸಬಹುದು.

ನಡುರಸ್ತೆಯಲ್ಲಿ ನಿಂತರೆ

ಎಂಜಿನ್ ನಿಂತೊಡನೆ ಸ್ಟೇರಿಂಗ್ ಭಾರವಾಗಬಹುದು. ಬ್ರೇಕ್ ಬೂಸ್ಟರ್‌ನಲ್ಲಿ (ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಭಾಗ) ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟಕ್ಕೆ ಮಾತ್ರ ಸಾಲುತ್ತದೆ. ಆದ್ದರಿಂದ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಡಿ. ಹಜಾರ್ಡ್ ಲೈಟ್ ಹಾಕಿ, ಗಾಡಿ ಉರುಳುತ್ತಿರುವಾಗಲೇ ಎಡಕ್ಕೆ ತಂದು, ಬ್ರೇಕನ್ನು ಒಂದೇ ಸಲ ಬಲವಾಗಿ ಒತ್ತಿ ಹಿಡಿದು ನಿಲ್ಲಿಸಿ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀ ಹೊರಗೆ ಎಳೆಯಲೇಬಾರದು, ಸ್ಟೇರಿಂಗ್ ಲಾಕ್ ಆಗಿಬಿಡುತ್ತದೆ. ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಆಫ್ ಆಗುವ ಗಾಡಿಯನ್ನು ಕಾರಣ ಸಿಗುವವರೆಗೆ ದೂರದ ಪ್ರಯಾಣಕ್ಕೆ ತೆಗೆಯಬೇಡಿ. ಘಟ್ಟದ ರಸ್ತೆಗಂತೂ ಬೇಡವೇ ಬೇಡ.

ನಿಂತ ರೀತಿಯನ್ನು ಬರೆದಿಡಿ

ಗಾಡಿಯಲ್ಲೊಂದು ಚಿಕ್ಕ ಪುಸ್ತಕ ಇಡಿ, ಇಲ್ಲವೇ ಫೋನಿನಲ್ಲಿ ಬರೆಯಿರಿ. ಪ್ರತಿ ಸಲ ಆಫ್ ಆದಾಗ ಬರೆಯಬೇಕಾದದ್ದು ಇಷ್ಟು: ಎಂಜಿನ್ ತಣ್ಣಗಿತ್ತೋ ಬಿಸಿಯಾಗಿತ್ತೋ, ಸ್ಪೀಡ್ ಎಷ್ಟಿತ್ತು, ಎಸಿ ಹಾಕಿತ್ತೇ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಸೆಲ್ಫ್ ಹೊಡೆದಾಗ ತಕ್ಷಣ ಸ್ಟಾರ್ಟ್ ಆಯಿತೇ ಅಥವಾ ಅರ್ಧ ಗಂಟೆ ಕಾಯಬೇಕಾಯಿತೇ. ನಾಲ್ಕೈದು ಸಲದ ಟಿಪ್ಪಣಿ ಕೈಯಲ್ಲಿದ್ದರೆ ಹುಡುಕಬೇಕಾದ ಜಾಗ ಬಹಳ ಕಡಿಮೆಯಾಗುತ್ತದೆ.

ಸ್ವಿಚ್ ಆರಿಸಿದ ಹಾಗೆ ಟಕ್ಕನೆ ನಿಂತರೆ ಎಲ್ಲೋ ಕರೆಂಟ್ ಕಡಿದಿದೆ. ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್), ಮೇನ್ ರಿಲೇ (ಕರೆಂಟ್ ಹಾಯಿಸುವ ಮುಖ್ಯ ಸ್ವಿಚ್), ಇಗ್ನಿಷನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಅರ್ತ್ ವೈರ್ ಈ ಗುಂಪಿಗೆ ಸೇರಿದವು. ಜರ್ಕ್ ಹೊಡೆಯುತ್ತಾ, ಪಿಕಪ್ ಕಳೆದುಕೊಂಡು, ಆಕ್ಸಿಲರೇಟರ್ ಒತ್ತಿದರೂ ಏಳದೆ ನಿಧಾನವಾಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಆರ್‌ಪಿಎಂ ಮುಳ್ಳು ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ತೂಗಿ, ಕಡೆಗೆ 500ರ ಕೆಳಗೆ ಬಿದ್ದು ನಿಂತರೆ ಗಾಳಿಯ ಲೆಕ್ಕ ತಪ್ಪಿದೆ. ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಕಡೆ, ವ್ಯಾಕ್ಯೂಮ್ ಪೈಪ್‌ಗಳ ಕಡೆ ನೋಡಬೇಕು. ಈ ಮೂರನ್ನು ಬೇರ್ಪಡಿಸಿ ನೋಡುವುದು ಇಡೀ ಕೆಲಸದ ಬುನಾದಿ.

ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿನಲ್ಲೇ ಪ್ರತಿ ಸಲವೂ ಆಫ್ ಆಗಿ, ಮೀಟರ್ ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರ ಮಿಣುಕಿದರೆ ಇಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ಕೀಯನ್ನು ಗುರುತಿಸುತ್ತಿಲ್ಲ. ಮನೆಯಲ್ಲಿರುವ ಎರಡನೇ ಕೀ ಹಾಕಿ ನೋಡಿ. ಬ್ರೇಕ್ ಒತ್ತಿದಾಗಲೇ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಕುಸಿದರೆ ಬ್ರೇಕ್ ಬೂಸ್ಟರ್ ಅಥವಾ ಅದಕ್ಕೆ ಹೋಗುವ ಪೈಪ್ ಸೋರುತ್ತಿದೆ. ಪೆಟ್ರೋಲ್ ತುಂಬಿಸಿ ಬಂಕಿನಿಂದ ಹೊರಟ ಕೂಡಲೇ ತಡವರಿಸಿದರೆ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್) ಮೇಲೆ ಅನುಮಾನ ಪಡಿ. ಎಸಿ ಹಾಕಿದಾಗ ಮಾತ್ರ ನಿಲ್ಲುವುದಾದರೆ ಥ್ರಾಟಲ್ ಬಾಡಿ ಕೊಳೆಯಾಗಿ ಐಡ್ಲಿಂಗ್ ಏರಿಸಲು ಆಗುತ್ತಿಲ್ಲ, ಅಥವಾ ಎಸಿ ಕಂಪ್ರೆಸರ್ ಜಾಮ್ ಆಗುತ್ತಿದೆ.

ಟಕ್ಕನೆ ನಿಲ್ಲುವ ಮ್ಯಾನುವಲ್ ಗಾಡಿಯಲ್ಲಿ ಇನ್ನೊಂದು ಗಮನಿಸಿ. ಗೇರಿನಲ್ಲಿದ್ದು, ಕ್ಲಚ್ ಒತ್ತದೆ ಗಾಡಿ ಇನ್ನೂ ಉರುಳುತ್ತಿರುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಆ ಹೊತ್ತಿನಲ್ಲಿ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದಿದ್ದರೆ ಎಂಜಿನ್ ತಿರುಗುತ್ತಿರುವುದೇ ಈಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿಯುತ್ತಿಲ್ಲ. ಅಂದರೆ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಹೋಗಿದೆ ಅಥವಾ ಈಸಿಯುಗೇ ಕರೆಂಟ್ ಇಲ್ಲ. ಮುಳ್ಳು ಇನ್ನೂ 1000, 1500 ತೋರಿಸುತ್ತಿದ್ದರೆ ಸೆನ್ಸರ್ ಸರಿಯಿದೆ, ಪೆಟ್ರೋಲ್ ಬರುವುದು ನಿಂತಿದೆ ಅಥವಾ ಕಾಯಿಲ್‌ಗಳ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ) ಕರೆಂಟ್ ಕಡಿದಿದೆ.

ಕೈಗೆ ಬೇಕಾದ ಸಾಮಾನು: ಒಂದು ಡಿಜಿಟಲ್ ಮಲ್ಟಿಮೀಟರ್, ಬ್ಲೂಟೂತ್ ಓಬಿಡಿ ಅಡಾಪ್ಟರ್ (ಈಸಿಯುವಿನ ದೋಷದ ಕೋಡ್ ಮತ್ತು ಅಂಕಿ ಓದುವ ಚಿಕ್ಕ ಸ್ಕ್ಯಾನರ್) ಮತ್ತು ಫೋನಿನಲ್ಲಿ ಅದರ ಆ್ಯಪ್, 10 ಎಂಎಂ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಸಂದಿ ಅಳೆಯುವ ಫೀಲರ್ ಗೇಜ್, ಥ್ರಾಟಲ್ ಬಾಡಿ ಕ್ಲೀನರ್ ಸ್ಪ್ರೇ, ಹಳೆಯ ಬನಿಯನ್ ಬಟ್ಟೆ, ಟಾರ್ಚ್.

ಹಂತ 1: ಬ್ಯಾಟರಿ ಮತ್ತು ಅರ್ತ್

ಇಲ್ಲಿಂದ ಶುರುಮಾಡಲು ಕಾರಣವಿದೆ. ಕರೆಂಟ್ ಸರಿಯಿಲ್ಲದಿದ್ದರೆ ಮುಂದಿನ ಯಾವ ಸೆನ್ಸರಿನ ಅಂಕಿಯನ್ನೂ ನಂಬುವ ಹಾಗಿಲ್ಲ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.4ರಿಂದ 12.7 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸ್ಟಾರ್ಟ್ ಆದ ಮೇಲೆ ಹೆಡ್‌ಲೈಟ್, ಎಸಿ ಬ್ಲೋವರ್ ಹಾಕಿಕೊಂಡೇ 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಸ್ಮಾರ್ಟ್ ಹೈಬ್ರಿಡ್ ಗಾಡಿಗಳಲ್ಲಿ ಈಸಿಯು ಬೇಕೆಂದೇ ಚಾರ್ಜಿಂಗ್ ಏರಿಸಿ ಇಳಿಸುತ್ತದೆ, ಅಲ್ಲಿ ಅಂಕಿ ಸ್ವಲ್ಪ ಕಡಿಮೆ ಕಂಡರೆ ಆಲ್ಟರ್ನೇಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಪದ್ಧತಿ ಈಗಿನ ಗಾಡಿಗಳಿಗೆ ಬೇಡವೇ ಬೇಡ. ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಈಸಿಯು ಸುಟ್ಟುಹೋಗಬಹುದು.

ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ಕೂದಲೆಳೆಯಷ್ಟು ಅಲುಗಿದರೂ ಗುಂಡಿ ಬಿದ್ದ ರಸ್ತೆಯಲ್ಲಿ ಎಂಜಿನ್ ಆಫ್ ಆಗಲು ಅಷ್ಟೇ ಸಾಕು. ಬಿಳಿ, ಹಸಿರು ಪುಡಿ ಕೂತಿದ್ದರೆ ನೆಗೆಟಿವ್ ಕಡೆಯನ್ನು ಮೊದಲು ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಒರೆಸಿ, ಎಮರಿ ಪೇಪರ್‌ನಲ್ಲಿ ಉಜ್ಜಿ ಬಿಗಿ ಮಾಡಿ. ಕೂರಿಸುವಾಗ ನೆಗೆಟಿವ್ ಕೊನೆಗೆ.

ಈಗ ಅರ್ತ್ ಪರೀಕ್ಷೆ. ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ, ಆದರೆ ಎರಡು ನಿಮಿಷದಲ್ಲಿ ಇಷ್ಟು ತಿಳಿಸುವ ಪರೀಕ್ಷೆ ಇನ್ನೊಂದಿಲ್ಲ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೇ ಒತ್ತಿ. ಕ್ಲಾಂಪಿನ ಮೇಲೆ ಬೇಡ. ಕೆಂಪು ಮೊನೆಯನ್ನು ಎಂಜಿನ್ನಿನ ಪೇಂಟ್ ಇಲ್ಲದ ಬೋಲ್ಟ್ ಒಂದಕ್ಕೆ ಒತ್ತಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಹಾಕಿರಲಿ. 0.1 ವೋಲ್ಟಿನ ಒಳಗಿದ್ದರೆ ಅರ್ತ್ ಚೆನ್ನಾಗಿದೆ. 0.2 ದಾಟಿದರೆ ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ಪಟ್ಟಿ ಅಥವಾ ಬ್ಯಾಟರಿಯ ಕಪ್ಪು ಕೇಬಲ್ ಎಲ್ಲೋ ತುಕ್ಕು ತಿಂದಿದೆ. ಕೆಂಪು ಮೊನೆಯನ್ನು ಒಂದೊಂದೇ ಜೋಡಣೆಯ ಆಚೆ ಈಚೆ ಇಡುತ್ತಾ ಬನ್ನಿ, ಅಂಕಿ ಜಿಗಿಯುವ ಜಾಗದಲ್ಲೇ ದೋಷ ಇದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಓಡುವ ಗಾಡಿಗಳಲ್ಲಿ ಈ ಪಟ್ಟಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಬೋಲ್ಟಿನ ವಾಷರ್ ಅಡಿಯಲ್ಲಿ ಹಸಿರಾಗಿರುತ್ತದೆ. ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ.

ಆಮೇಲೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕೀಯನ್ನು ಸ್ವಿಚ್ಚಿನಲ್ಲೇ ಮೆಲ್ಲಗೆ ಅಲುಗಿಸಿ, ರಿಲೇ ಬಾಕ್ಸಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೃದುವಾಗಿ ತಟ್ಟಿ, ವೈರಿಂಗಿನ ಕಪ್ಲರ್‌ಗಳನ್ನು ಒಂದೊಂದಾಗಿ ಹಿಡಿದು ಆಡಿಸಿ. ಎಲ್ಲಿ ಮುಟ್ಟಿದಾಗ ಎಂಜಿನ್ ತಡವರಿಸಿತೋ ಅಲ್ಲಿ ನಿಲ್ಲಿ. ಕೀ ಗೊಂಚಲಿಗೆ ಮನೆ, ಅಂಗಡಿ, ಗೋದಾಮಿನ ಬೀಗದ ಕೈಗಳನ್ನೆಲ್ಲ ಕಟ್ಟಿಕೊಂಡು ಓಡಿಸಿದರೆ ಆ ಭಾರಕ್ಕೆ ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆಯುತ್ತದೆ.

ಹಂತ 2: ಸ್ಕ್ಯಾನರ್ ಹಾಕಿ, ಕೋಡ್ ಓದಿ ಅಲ್ಲಿಗೇ ನಿಲ್ಲಬೇಡಿ

ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 (ಹೊಗೆ ಮಿತಿಯ ಭಾರತ್ ಸ್ಟೇಜ್ 4 ನಿಯಮದ) ಕಾರುಗಳಿಗೆ ಓಬಿಡಿ-2 ಎಂಬ ದೋಷ ಪತ್ತೆ ವ್ಯವಸ್ಥೆ ಕಡ್ಡಾಯವಾಯಿತು. ಸ್ಟೇರಿಂಗ್ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಕೋಡ್ ಅಳಿಸುವ ಮೊದಲು ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಇರುತ್ತದೆ: ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಸ್ಪೀಡ್, ಎಂಜಿನ್ ಬಿಸಿ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ, ಮತ್ತೆ ಸಿಗುವುದಿಲ್ಲ.

ಆಫ್ ಆಗುವ ಗಾಡಿಗಳಲ್ಲಿ ಪದೇ ಪದೇ ಕಾಣುವ ಕೋಡ್‌ಗಳು: ಪಿ0335 ಕ್ರ್ಯಾಂಕ್ ಸೆನ್ಸರ್, ಪಿ0340 ಕ್ಯಾಮ್ ಸೆನ್ಸರ್, ಪಿ0171 ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಪಿ0300ರಿಂದ ಪಿ0304ರವರೆಗೆ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು), ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ, ಅದು 0 ಆದರೆ ಇಂಥ ಒಂದೇ ಸಿಲಿಂಡರ್ ಎಂದಲ್ಲ. ಪಿ0505ರಿಂದ ಪಿ0507 ಐಡ್ಲಿಂಗ್ ತೊಂದರೆ. ಪಿ0562 ವೋಲ್ಟೇಜ್ ಕಡಿಮೆ. ಇವು ದಾರಿ ತೋರಿಸುತ್ತವೆ ಅಷ್ಟೆ, ಇಂಥ ಪಾರ್ಟ್ ಕೆಟ್ಟಿದೆ ಎಂದು ಹೇಳುವುದಿಲ್ಲ. ಕ್ರ್ಯಾಂಕ್ ಸೆನ್ಸರಿನ ವೈರನ್ನು ಇಲಿ ಕಚ್ಚಿದ್ದರೂ ಪಿ0335 ಬೀಳುತ್ತದೆ.

ಕೋಡ್ ಇಲ್ಲದಿದ್ದರೂ ನೇರ ಅಂಕಿಗಳನ್ನು ನೋಡಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ಕೂಲಂಟ್ ಬಿಸಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಅದು ಹೊರಗಿನ ಗಾಳಿಯಷ್ಟೇ ಇರಬೇಕು. ಮೈನಸ್ 40 ತೋರಿಸಿದರೆ ಸೆನ್ಸರಿನ ವೈರ್ ಕಡಿದಿದೆ. ಎಂಜಿನ್ ಹಿಮದಲ್ಲಿದೆ ಎಂದುಕೊಂಡು ಈಸಿಯು ಪೆಟ್ರೋಲ್ ಸುರಿಯುತ್ತದೆ, ಬಿಸಿಯಾದ ಮೇಲೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ.

ಅದೇ ಹೊತ್ತಿಗೆ ಮ್ಯಾಪ್ ಸೆನ್ಸರನ್ನೂ (ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್) ನೋಡಿ. ಎಂಜಿನ್ ಓಡದಿರುವಾಗ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ ಸುಮಾರು 88. ಬೆಂಗಳೂರಿನಲ್ಲಿ ನಿಂತ ಗಾಡಿ 75 ಎಂದರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆ. ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಎಸಿ ಇಲ್ಲದ ಐಡ್ಲಿಂಗ್‌ನಲ್ಲಿ ಅದು ಸಾಮಾನ್ಯವಾಗಿ 30ರಿಂದ 40ಕ್ಕೆ ಇಳಿಯುತ್ತದೆ, ಆರ್‌ಪಿಎಂ 700ರಿಂದ 850ರಲ್ಲಿ ನಿಲ್ಲುತ್ತದೆ.

ಕೊನೆಯದು ಫ್ಯೂಯೆಲ್ ಟ್ರಿಮ್. ಪೆಟ್ರೋಲಿನ ಲೆಕ್ಕವನ್ನು ಈಸಿಯು ಎಷ್ಟು ತಿದ್ದಿಕೊಳ್ಳುತ್ತಿದೆ ಎಂಬುದೇ ಈ ಶೇಕಡಾ. ಲಾಂಗ್ ಮತ್ತು ಶಾರ್ಟ್ ಟ್ರಿಮ್ ಕೂಡಿಸಿ ಪ್ಲಸ್ ಅಥವಾ ಮೈನಸ್ 10ರೊಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ರೇಸ್ ಮಾಡಿದಾಗ ಸರಿಯಾದರೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಏರುತ್ತಾ ಹೋದರೆ ಪಂಪಿನಿಂದ ಪೆಟ್ರೋಲ್ ಸಾಲುತ್ತಿಲ್ಲ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಏರ್‌ಫ್ಲೋ ಮೀಟರ್ ಇಲ್ಲದೆ ಮ್ಯಾಪ್ ಸೆನ್ಸರಿನಿಂದಲೇ ಗಾಳಿಯ ಲೆಕ್ಕ ಹಾಕುವ ಗಾಡಿಗಳಲ್ಲಿ (ನಮ್ಮ ಚಿಕ್ಕ ಕಾರುಗಳಲ್ಲಿ ಹೆಚ್ಚಿನವು ಹೀಗೇ) ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಏರದೆ, ಮ್ಯಾಪ್ ಅಂಕಿ ಏರಿ, ಐಡ್ಲಿಂಗ್ ಜಾಸ್ತಿಯಾಗಿ ತೂಗಾಡುವುದೇ ಹೆಚ್ಚು. ಟ್ರಿಮ್ ಚೆನ್ನಾಗಿದೆ ಎಂದು ಸೋರಿಕೆ ಹುಡುಕುವುದನ್ನು ಬಿಡಬೇಡಿ.

ಹಂತ 3: ಐಡ್ಲಿಂಗ್‌ನಲ್ಲಿ ನಿಲ್ಲುವ ಗಾಡಿ

ಸಿಗ್ನಲ್‌ಗೆ ಬಂದು ಕ್ಲಚ್ ಒತ್ತಿದಾಗ, ರಿವರ್ಸ್ ತೆಗೆಯುವಾಗ, ಎಸಿ ಹಾಕಿದಾಗ ನಿಲ್ಲುವ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಥ್ರಾಟಲ್ ಬಾಡಿ. ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ. ಹಿತ್ತಾಳೆ ಅಥವಾ ಬೆಳ್ಳಿ ಬಣ್ಣದ ತಟ್ಟೆ ಮುಚ್ಚಿಕೊಳ್ಳುವ ಅಂಚಿನುದ್ದಕ್ಕೂ ಕಾಡಿಗೆ ತೀಡಿದ ಹಾಗೆ ಕಪ್ಪು ಬಳೆಯೊಂದು ಕೂತಿರುತ್ತದೆ. ಐಡ್ಲಿಂಗ್‌ಗೆ ಬೇಕಾದ ಗಾಳಿ ಆ ಅಂಚಿನ ಸಂದಿಯಿಂದಲೇ ಹೋಗಬೇಕು. ಕಾರ್ಬನ್ ಆ ಸಂದಿಯನ್ನು ಮುಚ್ಚಿದಾಗ ಈಸಿಯು ತಟ್ಟೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆದು ಸರಿದೂಗಿಸುತ್ತಾ ಬರುತ್ತದೆ. ಅದರ ಮಿತಿ ಮೀರಿದ ದಿನ ಗಾಡಿ ಸಿಗ್ನಲ್‌ನಲ್ಲಿ ನಿಲ್ಲುತ್ತದೆ.

ತೊಳೆಯುವ ಕ್ರಮ ಹೀಗೆ:

1. ಎಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ.
2. ಕ್ಲೀನರನ್ನು ನೇರವಾಗಿ ಒಳಗೆ ಸುರಿಯದೆ ಬಟ್ಟೆಗೆ ಹಾಕಿ, ತಟ್ಟೆಯ ಅಂಚನ್ನೂ ಸುತ್ತಲಿನ ಗೋಡೆಯನ್ನೂ ಒರೆಸಿ. ನೇರವಾಗಿ ಸುರಿದರೆ ಅದು ಮೋಟಾರಿನ ಬೇರಿಂಗಿಗೂ ಇನ್‌ಟೇಕ್ ಮ್ಯಾನಿಫೋಲ್ಡಿಗೂ ಇಳಿಯುತ್ತದೆ.
3. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ಬಲವಾಗಿ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯುತ್ತದೆ. ಬಾಡಿಯನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆದು ಎರಡೂ ಕಡೆ ಒರೆಸುವುದು ಎಲ್ಲಕ್ಕಿಂತ ಒಳ್ಳೆಯದು. ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ.
4. ಹಳೆಯ ಕೇಬಲ್ ಥ್ರಾಟಲ್ ಗಾಡಿಗಳಲ್ಲಿ ಪಕ್ಕದಲ್ಲೇ ಐಡಲ್ ಏರ್ ಕಂಟ್ರೋಲ್ ವಾಲ್ವ್ ಇರುತ್ತದೆ. ಅದನ್ನೂ ಬಿಚ್ಚಿ, ಅದರ ಮೊನೆ ಕೂರುವ ಗುಳಿಯನ್ನೂ ಒರೆಸಿ.
5. ಎಲ್ಲ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ.

ತೊಳೆದ ಕೂಡಲೇ ಐಡ್ಲಿಂಗ್ 1200, 1500ಕ್ಕೆ ಏರಿದರೆ ಹೆದರಬೇಡಿ. ಈಸಿಯು ಇನ್ನೂ ಕೊಳೆ ಇದ್ದಾಗಿನ ಲೆಕ್ಕದಲ್ಲೇ ತಟ್ಟೆ ತೆರೆಯುತ್ತಿದೆ. ಕೆಲವು ಗಾಡಿಗಳು ಓಡಿಸುತ್ತಾ ಸರಿಮಾಡಿಕೊಳ್ಳುತ್ತವೆ, ಕೆಲವಕ್ಕೆ ಸ್ಕ್ಯಾನರಿನಿಂದ ಥ್ರಾಟಲ್ ರಿಸೆಟ್ ಮಾಡಲೇಬೇಕು.

ಥ್ರಾಟಲ್ ಶುದ್ಧವಾಗಿದ್ದರೂ ತೂಗಾಟ ನಿಲ್ಲದಿದ್ದರೆ ಗಾಳಿ ಸೋರಿಕೆ ಹುಡುಕಿ. ಬಾನೆಟ್ ತೆರೆದು, ರೇಡಿಯೇಟರ್ ಫ್ಯಾನ್ ತಿರುಗದ ಹೊತ್ತಿನಲ್ಲಿ ಕಿವಿಗೊಟ್ಟರೆ ಕುಕ್ಕರ್ ವಿಷಲ್ ಹಾಕುವ ಮುಂಚಿನ 'ಸುಸ್' ಎಂಬಂಥ ಸದ್ದು ಕೇಳಿಸುತ್ತದೆ. ಬ್ರೇಕ್ ಬೂಸ್ಟರಿನ ಪೈಪ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪೈಪ್), ಪರ್ಜ್ ಪೈಪ್ ಇವನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಇಕ್ಕಳದಿಂದ ಹಿಸುಕಿ. ಯಾವುದನ್ನು ಹಿಸುಕಿದಾಗ ಐಡ್ಲಿಂಗ್ ಬದಲಾಗಿ ಸ್ಥಿರವಾಯಿತೋ ಸೋರಿಕೆ ಆ ಕಡೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಸೋಪಿನ ನೀರನ್ನು ಸ್ಪ್ರೇ ಮಾಡಿ, ನೀರು ಒಳಗೆ ಎಳೆದುಕೊಂಡ ಜಾಗದಲ್ಲಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಎರಚಿ ಸೋರಿಕೆ ಹುಡುಕುವವರಿದ್ದಾರೆ. ಒಂದು ಕಿಡಿ ಸಾಕು, ಗಾಡಿಯೇ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಮಾಡಬೇಡಿ, ಮಾಡಲೂ ಬಿಡಬೇಡಿ.

ಪರ್ಜ್ ವಾಲ್ವ್ ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ವಾಲ್ವ್ ಬಿಚ್ಚಿ, ಒಂದು ಚಿಕ್ಕ ಶುದ್ಧ ಪೈಪ್ ಸಿಕ್ಕಿಸಿ ಊದಿ. ಕರೆಂಟ್ ಇಲ್ಲದಾಗ ಅದು ಪೂರ್ತಿ ಮುಚ್ಚಿರಬೇಕು, ಗಾಳಿ ದಾಟಿದರೆ ಕೆಟ್ಟಿದೆ. ಬಂಕಿನಲ್ಲಿ ಆಟೋ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಗನ್ ಒತ್ತಿಸಿ ತುಂಬಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಹೀಗೆ ತುಂಬಿಸಿದ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲ ಡಬ್ಬಿಗೆ ನುಗ್ಗಿ, ಅಲ್ಲಿಂದ ಇದ್ದಿಲ ಚೂರುಗಳು ಪರ್ಜ್ ವಾಲ್ವಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಮೊದಲ ಕ್ಲಿಕ್‌ಗೇ ಸಾಕು ಅನ್ನಿ.

ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ) ಇರುವ ಎಂಜಿನ್ನುಗಳಲ್ಲಿ ಆಯಿಲ್ ಮಟ್ಟವನ್ನೂ ಬಣ್ಣವನ್ನೂ ನೋಡಿ. ಕೆಸರಿನಂತಾದ ಆಯಿಲ್‌ನಿಂದ ಅದರ ಆಯಿಲ್ ವಾಲ್ವ್ ಸಿಕ್ಕಿಕೊಂಡರೆ ಐಡ್ಲಿಂಗ್‌ನಲ್ಲಿ ನಡುಗಿ ನಿಲ್ಲುತ್ತದೆ, ರೇಸ್ ಕೊಟ್ಟಾಗ ಚೆನ್ನಾಗಿರುತ್ತದೆ.

ಹಂತ 4: ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಸ್ಟಾರ್ಟ್ ಆಗುವ ಗಾಡಿ

ಅರ್ಧ ಗಂಟೆ, ಒಂದು ಗಂಟೆ ಚೆನ್ನಾಗಿ ಓಡಿ ಟಕ್ಕನೆ ನಿಲ್ಲುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. ಟೀ ಕುಡಿದು ಬಂದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇದು ಬಹುಪಾಲು ಕ್ರ್ಯಾಂಕ್ ಸೆನ್ಸರಿನ ಲಕ್ಷಣ. ಒಳಗಿನ ಸಣ್ಣ ತಂತಿಯ ಸುರುಳಿ ಬಿಸಿಗೆ ಹಿಗ್ಗಿ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ತೊಂದರೆ ಮಾಯ.

ಹಿಡಿಯುವ ದಾರಿ: ಅಡಾಪ್ಟರನ್ನು ಸಾಕೆಟ್ಟಿನಲ್ಲೇ ಬಿಟ್ಟು ಓಡಿಸಿ. ನಿಂತ ತಕ್ಷಣ, ಕಾಯದೆ, ಸೆಲ್ಫ್ ಹೊಡೆಯುತ್ತಾ ಆ್ಯಪ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿರುವಾಗ 150ರಿಂದ 300ರ ನಡುವೆ ಏನಾದರೂ ಕಾಣಬೇಕು. ಸೊನ್ನೆಯೇ ಇದ್ದರೆ ಸೆನ್ಸರ್ ಅಥವಾ ಅದರ ವೈರ್. ಬದಲಿಸುವ ಮೊದಲು ಕಪ್ಲರ್ ಬಿಚ್ಚಿ ಪಿನ್‌ಗಳಲ್ಲಿ ಎಣ್ಣೆ, ತುಕ್ಕು ಇದೆಯೇ ನೋಡಿ, ಸೆನ್ಸರಿನ ಮೊನೆಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ. ಎರಡು ವೈರಿನ ಸೆನ್ಸರ್ ಆದರೆ ಬಿಸಿಯಿದ್ದಾಗಲೇ ಓಮ್ ಅಳೆಯಿರಿ. ಮಾದರಿಗೆ ತಕ್ಕಂತೆ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸಿನಲ್ಲಿ ಇರುತ್ತದೆ, ಏನೂ ತೋರಿಸದೆ ಖಾಲಿ ಬಂದರೆ ತೀರ್ಮಾನವಾಯಿತು. ಮೂರು ವೈರಿನ ಹಾಲ್ ಸೆನ್ಸರ್‌ಗೆ ಓಮ್ ಪರೀಕ್ಷೆ ಮಾಡಬಾರದು. ಹೊಸದು ಹಾಕುವಾಗ ಕಂಪನಿಯ ಅಸಲಿ ಸೆನ್ಸರನ್ನೇ ಹಾಕಿಸಿ. ಅಗ್ಗದ ನಕಲಿಗಳು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಆಟ ಶುರುಮಾಡುತ್ತವೆ.

ಆರ್‌ಪಿಎಂ ಕಾಣುತ್ತಿದ್ದರೆ ಪೆಟ್ರೋಲ್ ಪಂಪಿನ ಕಡೆ ಹೋಗಿ.

ಹಂತ 5: ಪೆಟ್ರೋಲ್ ಸಾಲುತ್ತಿದೆಯೇ?

ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಅಡಿಯಿಂದ ಸುಮಾರು ಎರಡು ಸೆಕೆಂಡು 'ಗುಂಯ್' ಎಂಬ ಸದ್ದು ಬಂದು ನಿಲ್ಲಬೇಕು. ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಅದೇ ನಂಬರಿನ ಇನ್ನೊಂದು ರಿಲೇ (ಹಾರ್ನಿನದೋ ಎಸಿಯದೋ) ತೆಗೆದು ಪಂಪಿನ ಜಾಗಕ್ಕೆ ಹಾಕಿ ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯಾಂಕಿನ ಅಡಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಾಗ ಪಂಪ್ ಓಡಲು ಶುರುವಾದರೆ ಅದರ ಬ್ರಷ್ ಸವೆದಿದೆ. ಅವತ್ತಿಗೆ ಮನೆ ಸೇರಬಹುದು, ಪಂಪ್ ಮಾತ್ರ ಬದಲಿಸಲೇಬೇಕು.

ಸದ್ದು ಬಂದ ಮಾತ್ರಕ್ಕೆ ಪಂಪ್ ಸರಿಯಿದೆ ಎನ್ನಲಾಗದು. ಪ್ರೆಶರ್ ಗೇಜ್ ಹಾಕಿಯೇ ನೋಡಬೇಕು. ಬಹುಪಾಲು ಎಂಪಿಎಫ್ಐ ಗಾಡಿಗಳಲ್ಲಿ 3ರಿಂದ 4 ಬಾರ್ ಇರುತ್ತದೆ, ನಿಮ್ಮ ಮಾದರಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನುವಲ್‌ನಲ್ಲಿ ಸಿಗುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ರೇಸ್ ಕೊಟ್ಟಾಗ ಅರ್ಧ ಬಾರ್ ಬಿದ್ದರೆ ಫಿಲ್ಟರ್ ಅಥವಾ ಪಂಪಿನ ಕೆಳಗಿನ ಜಾಲರಿ ಕಟ್ಟಿದೆ. ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿ. ಇಲ್ಲದಿದ್ದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ. ಹತ್ತಿರದಲ್ಲಿ ಬೆಂಕಿ, ಸಿಗರೇಟು ಇರಕೂಡದು.

ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ಯಾವಾಗಲೂ ರಿಸರ್ವ್‌ನಲ್ಲೇ, ಇನ್ನೂರು ಮುನ್ನೂರು ರೂಪಾಯಿ ಹಾಕಿಸಿ ಓಡಿಸುವ ಗಾಡಿಗಳಲ್ಲಿ ಪಂಪ್ ಬೇಗ ಸೋಲುತ್ತದೆ. ಕಾಲು ಟ್ಯಾಂಕಿನ ಕೆಳಗೆ ಇಳಿಯಲು ಬಿಡಬೇಡಿ.

ತುಂಬಿಸಿದ ದಿನವೇ, ಅಥವಾ ತಿಂಗಳುಗಟ್ಟಲೆ ನಿಂತಿದ್ದ ಗಾಡಿ ತೆಗೆದ ಮೇಲೆ ತೊಂದರೆ ಶುರುವಾಗಿದ್ದರೆ ಪೆಟ್ರೋಲಿನ ಮೇಲೇ ಅನುಮಾನ ಪಡಬೇಕು. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಬೆಂಗಳೂರಿನಲ್ಲೇ 2023ರ ಫೆಬ್ರವರಿ 6ರಂದು ಚಾಲನೆ ಸಿಕ್ಕಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತೇ ಇದ್ದು ಉರಿದುಹೋಗುತ್ತದೆ, ಹೆಚ್ಚಾದಾಗ ಎಥನಾಲೂ ನೀರೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಪಂಪಿನ ಪೈಪಿನಿಂದ 200 ಎಂಎಲ್ ಪೆಟ್ರೋಲನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ತೆಗೆದು ಅಲುಗಿಸದೆ 20 ನಿಮಿಷ ಇಡಿ. ಅಡಿಯಲ್ಲಿ ಬೇರೆ ಪದರ ಗೆರೆ ಎಳೆದಂತೆ ಕಂಡರೆ ಟ್ಯಾಂಕ್ ಇಳಿಸಿ ತೊಳೆಯಬೇಕು, ಫಿಲ್ಟರ್ ಬದಲಿಸಬೇಕು. ಯಾವ ಸಂಯೋಜಕ ದ್ರವ ಹಾಕಿದರೂ ಆ ಪದರ ಮತ್ತೆ ಬೆರೆಯುವುದಿಲ್ಲ.

ಹಂತ 6: ಪ್ಲಗ್, ಕಾಯಿಲ್, ಮಳೆ, ಇಲಿ

ಮಳೆಯಲ್ಲಿ ಅಥವಾ ಗಾಡಿ ತೊಳೆಸಿದ ಮೇಲೆ ನಡುಗಿ ನಿಲ್ಲುವುದಾದರೆ ಕಾಯಿಲ್‌ಗಳನ್ನು ಬಿಚ್ಚಿ ಪ್ಲಗ್ ಗುಳಿಯಲ್ಲಿ ನೀರು ಅಥವಾ ಆಯಿಲ್ ನಿಂತಿದೆಯೇ ನೋಡಿ. ಕಾಯಿಲಿನ ರಬ್ಬರ್ ಬೂಟಿನ ಮೇಲೆ ಕೂದಲಿನಂಥ ಬಿಳಿ ಅಥವಾ ಕಪ್ಪು ಗೆರೆ ಇದ್ದರೆ ಕಿಡಿ ಹೊರಗೆ ಹಾರುತ್ತಿದೆ. ಯಾವ ಕಾಯಿಲ್ ಎಂದು ತಿಳಿಯಲು ಒಂದು ಸಿಲಿಂಡರಿನದನ್ನು ಇನ್ನೊಂದಕ್ಕೆ ಹಾಕಿ. ಪಿ0302 ಇದ್ದದ್ದು ಪಿ0303 ಆದರೆ ದೋಷ ಕಾಯಿಲ್ ಜೊತೆ ಹೋಗಿದೆ, ಕಾಯಿಲೇ ಕೆಟ್ಟಿದೆ. ಪ್ಲಗ್ ಗ್ಯಾಪ್ ಮಾದರಿಗೆ ತಕ್ಕಂತೆ 0.8ರಿಂದ 1.1 ಎಂಎಂ. ಸಾದಾ ಪ್ಲಗ್‌ಗಳನ್ನು 20ರಿಂದ 40 ಸಾವಿರ ಕಿಲೋಮೀಟರಿನೊಳಗೆ ಬದಲಿಸಬೇಕು.

ಮಲೆನಾಡಿನಲ್ಲಿ, ತೋಟದ ಮನೆಗಳಲ್ಲಿ, ಮಳೆಗಾಲದ ಬೆಂಗಳೂರಿನಲ್ಲೂ ಇಲಿ ಬೆಚ್ಚಗಿನ ಎಂಜಿನ್ ಮೇಲೆ ಗೂಡು ಮಾಡುತ್ತದೆ. ಹಿಕ್ಕೆ, ಎಲೆ, ಅಡಿಕೆ ಸಿಪ್ಪೆ ಕಂಡರೆ ಇಂಜೆಕ್ಟರ್ ಮತ್ತು ಆಕ್ಸಿಜನ್ ಸೆನ್ಸರಿನ ವೈರ್‌ಗಳನ್ನು ಬೆರಳಿನಿಂದ ಸವರಿ ನೋಡಿ. ಕಡಿದ ವೈರನ್ನು ತಿರುಚಿ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿ. ತಿರುಚಿದ ಜೋಡಣೆ ಮುಂದಿನ ಮಳೆಗಾಲಕ್ಕೆ ಹಸಿರಾಗಿ ಮತ್ತೆ ಗಾಡಿ ನಿಲ್ಲಿಸುತ್ತದೆ.

ನೀರು ತುಂಬಿದ ಅಂಡರ್‌ಪಾಸಿನಲ್ಲಿ ಎಂಜಿನ್ ನಿಂತರೆ ಮಾತ್ರ ಈ ಯಾವ ಹಂತವೂ ಅನ್ವಯಿಸದು. ಸೆಲ್ಫ್ ಹೊಡೆಯಲೇಬೇಡಿ. ಮೊದಲು ಗಾಡಿ ಬಿಟ್ಟು ಹೊರಬನ್ನಿ. ಸಿಲಿಂಡರಿಗೆ ನೀರು ಹೋಗಿದ್ದರೆ ಒಂದೇ ಸಲ ಸೆಲ್ಫ್ ಹೊಡೆದರೂ ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೆ ಜೋಡಿಸಿದ ಸರಳು) ಬಾಗಬಹುದು. ಟೋ ಮಾಡಿಸಿ, ಪ್ಲಗ್ ಬಿಚ್ಚಿ ನೀರು ತೆಗೆಸಿದ ಮೇಲೆಯೇ ಎಂಜಿನ್ ತಿರುಗಿಸಬೇಕು.

ಸಿಎನ್‌ಜಿ, ಎಎಂಟಿ, ಡೀಸೆಲ್

ಸಿಎನ್‌ಜಿ ಗಾಡಿಯಲ್ಲಿ ಒಂದು ಅನುಕೂಲ ಇದೆ: ಪೆಟ್ರೋಲಿಗೆ ಬದಲಿಸಿ ಎರಡು ದಿನ ಓಡಿಸಿ. ಸಿಎನ್‌ಜಿಯಲ್ಲಿ ಮಾತ್ರ ನಿಂತರೆ ಗ್ಯಾಸ್ ಫಿಲ್ಟರ್, ರಿಡ್ಯೂಸರ್ (ಗ್ಯಾಸಿನ ಒತ್ತಡ ಇಳಿಸುವ ಭಾಗ), ಇಂಜೆಕ್ಟರ್ ನೋಡಿ. ಎರಡರಲ್ಲೂ ನಿಂತರೆ ಮೇಲಿನ ಹಂತಗಳು. ಸಿಎನ್‌ಜಿಗೆ ಬಲವಾದ ಕಿಡಿ ಬೇಕಾದ್ದರಿಂದ ಸವೆದ ಪ್ಲಗ್ ಮೊದಲು ತೊಂದರೆ ಕೊಡುವುದು ಗ್ಯಾಸಿನಲ್ಲೇ. ಒಂದು ಲಕ್ಷ ದಾಟಿದ ಸಿಎನ್‌ಜಿ ಗಾಡಿ ಬಿಸಿಯಾದಾಗ ಐಡ್ಲಿಂಗ್‌ನಲ್ಲಿ ನಿಲ್ಲುತ್ತಿದ್ದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವಿನ ತುದಿಯಲ್ಲಿ ಇರಬೇಕಾದ ಸಂದಿ) ಅಳೆಸಿ. ವಾಲ್ವ್ ಸೀಟ್ ಸವೆದು ಸಂದಿ ಮುಚ್ಚಿಕೊಂಡಿರುತ್ತದೆ.

ಎಎಂಟಿ ಗಾಡಿ ನಿಲ್ಲಲು ಬರುವಾಗ ನಡುಗಿ ಆಫ್ ಆದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಕ್ಲಚ್ ಸವೆತ, ಆಕ್ಚುಯೇಟರಿನ (ಕ್ಲಚ್, ಗೇರ್ ಆಡಿಸುವ ಯಂತ್ರ) ಆಯಿಲ್ ನೋಡಿಸಿ, ಸ್ಕ್ಯಾನರಿನಿಂದ ಕ್ಲಚ್ ಲರ್ನಿಂಗ್ (ಕ್ಲಚ್ ಹಿಡಿಯುವ ಜಾಗವನ್ನು ಮತ್ತೆ ಕಲಿಸುವುದು) ಮಾಡಿಸಿ.

ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ನೀರು ಇಳಿಸುವುದು ಮೊದಲ ಕೆಲಸ. ಆಮೇಲೆ ಫಿಲ್ಟರಿಗೆ ಬರುವ ಪೈಪಿಗೆ ಒಂದು ತುಂಡು ಪಾರದರ್ಶಕ ಪೈಪ್ ಜೋಡಿಸಿ, ಗುಳ್ಳೆಗಳು ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಂಜೆಕ್ಟರಿನ ಕಬ್ಬಿಣದ ಪೈಪ್‌ಗಳನ್ನು ಎಂಜಿನ್ ಓಡುತ್ತಿರುವಾಗ ಸಡಿಲಿಸಬೇಡಿ. ಕಾಮನ್ ರೈಲಿನ (ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಪೈಪ್) ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ರಿಪೇರಿ ಆದ ಮೇಲೆ

ಬಿಸಿಯಲ್ಲಿ ನಿಲ್ಲುತ್ತಿದ್ದ ಗಾಡಿಯನ್ನು ಬೆಳಗಿನ ತಂಪಿನಲ್ಲಿ ಎರಡು ಕಿಲೋಮೀಟರ್ ಓಡಿಸಿ ಸರಿಯಾಯಿತು ಎನ್ನಬೇಡಿ. ಪುಸ್ತಕದಲ್ಲಿ ಬರೆದಿಟ್ಟ ಅದೇ ಸ್ಥಿತಿಯನ್ನು ಮತ್ತೆ ತನ್ನಿ: ಅದೇ ಹೊತ್ತು, ಎಸಿ ಹಾಕಿ, ಅಷ್ಟೇ ಪೆಟ್ರೋಲ್, ಅಷ್ಟೇ ದೂರ. ಕೋಡ್ ಅಳಿಸಿ, ಮೂರು ದಿನ ಅಡಾಪ್ಟರ್ ಸಿಕ್ಕಿಸಿಕೊಂಡೇ ಓಡಾಡಿ, ಪೆಂಡಿಂಗ್ ಕೋಡ್ ಪಟ್ಟಿಯನ್ನೂ ತೆರೆದು ನೋಡಿ. ಚೆಕ್ ಎಂಜಿನ್ ಲೈಟ್ ಹತ್ತುವ ಮೊದಲೇ ಹೊಸ ದೋಷ ಅಲ್ಲಿ ಕಾಣಿಸಿಕೊಂಡಿರುತ್ತದೆ.